ನಡು ಸವೆದವರು, ಅಂಚು ಸವೆದವರು

"ಅಣ್ಣಾ, ಈ ಟೈರು ಎಷ್ಟು ಕಿಲೋಮೀಟರ್ ಬರ್ತೈತೆ?"

ಶಿಕಾರಿಪುರದಲ್ಲಿ ಶಿರಾಳಕೊಪ್ಪದ ರಸ್ತೆಗಿರುವ ಟೈರಂಗಡಿಯಲ್ಲಿ ನನ್ನ ಆಯಸ್ಸಿನ ಮುಕ್ಕಾಲು ಪಾಲು ಈ ಪ್ರಶ್ನೆಗೆ ಉತ್ತರ ಹೇಳುವುದರಲ್ಲೇ ಕಳೆಯಿತು. ಹೆಣ್ಣು ನೋಡಲು ಬಂದವರು "ಅಡುಗೆ ಬರುತ್ತೇನಮ್ಮಾ" ಎಂದು ಕೇಳಿದಷ್ಟೇ ಸಲೀಸಾಗಿ ಜನ ಇದನ್ನು ಕೇಳುತ್ತಾರೆ. ಯಾರ ಮನೆಯಲ್ಲಿ, ಯಾವ ಒಲೆಯ ಮೇಲೆ ಎಂದು ಗೊತ್ತಿಲ್ಲದೆ ಪಾಪ ಆ ಹುಡುಗಿಯಾದರೂ ಏನು ಹೇಳಿಯಾಳು? ಟೈರಿನದೂ ಅದೇ ಕಥೆ. ಯಾವ ರಸ್ತೆ, ಎಷ್ಟು ಹೊರೆ, ಆಕ್ಸಿಲರೇಟರ್ ತಿರುವುವ ಕೈ ಯಾರದು ಎಂದು ತಿಳಿಯದೆ ಆಯಸ್ಸು ಹೇಳುವವನು ಟೈರಿನವನಲ್ಲ, ಗಿಳಿಶಾಸ್ತ್ರದವನು.

ಅಂಗಡಿಯನ್ನು ಈಗ ಸೊಸೆ ಕಾವ್ಯ ನೋಡಿಕೊಳ್ಳುತ್ತಾಳೆ. ನಾನು ನಿವೃತ್ತ. ಆದರೂ ದಿನಾ ಬೆಳಿಗ್ಗೆ ಹೋಗಿ ಕುರ್ಚಿ ಹಾಕಿಕೊಂಡು, ಕೆಲಸ ಕಲಿಯಲು ಬಂದವರಿಗೆ ಉಪದೇಶ ಮಾಡುವ ಚಟ ಬಿಟ್ಟಿರಲಿಲ್ಲ. ಒಂದು ದಿನ ಕಾವ್ಯ ನಗುನಗುತ್ತಲೇ ಹೇಳಿದಳು: "ಮಾವ, ನೀವು ಹೇಳೋದನ್ನೆಲ್ಲಾ ಒಂದ್ಸಲ ಬರ್ದು ಕೊಟ್ಬಿಡ್ರಿ. ಕಲಿಯೋರು ಓದ್ಕೋತಾರೆ, ಗಿರಾಕಿಗೆ ಕೂರಾಕೆ ಕುರ್ಚಿನೂ ಖಾಲಿ ಆಗ್ತೈತೆ." ಹಾಗಾಗಿ ಈ ಬರಹ. ಕುರ್ಚಿಯ ಕಥೆ ಆಮೇಲೆ ನೋಡೋಣ.

ನಾನು ಕೆಲಸ ಕಲಿತದ್ದು ಕರಿಬಸಪ್ಪನವರ ಹತ್ತಿರ. ಅಂಗಡಿ ಅವರದು, ಕೋಪವೂ ಅವರದು, ಬೈಗುಳ ಮಾತ್ರ ನನಗೆ. ಅವರ ಪಾಠ ಒಂದೇ ಒಂದು: "ಟೈರ್ ಕಣ್ಣಾಗೆ ನೋಡಬ್ಯಾಡ, ಕೈಯಾಗೆ ನೋಡು." ಮೊದಲ ದಿನವೇ ಗುರುವಾಕ್ಯ ಪಾಲಿಸಲು ಹೋಗಿ, ಟೈರಿನೊಳಗೆ ಅಂಗೈ ಸವರಿದೆ. ಒಳಗೊಂದು ತಂತಿಯ ಚೂರು ಕಾದು ಕುಳಿತಿತ್ತು. ರಕ್ತ ಬಂತು. ಕರಿಬಸಪ್ಪನವರು ಕನ್ನಡಕ ಏರಿಸಿ, "ನೋಡ್ದೇನು? ಕಣ್ಣಿಗೆ ಕಂಡಿತ್ತಾ ಅದು?" ಎಂದು ಕೇಳಿ, ಮನೆಗೆ ಹೋಗಿ ಅರಿಶಿನ ಹಚ್ಚಿಕೊಂಡು ಬಾ ಎಂದು ಕಳಿಸಿದರು. ಆಮೇಲೆ ನಾನು ಸವರುವುದನ್ನು ಬಿಡಲಿಲ್ಲ. ಮೊದಲು ಬಟ್ಟೆ ಸುತ್ತಿಕೊಂಡು ಸವರುವುದನ್ನು ಕಲಿತೆ, ಅಷ್ಟೆ.

ಕೈಗೆ ಅಭ್ಯಾಸವಾದ ಮೇಲೆ ಗೊತ್ತಾದದ್ದೆಂದರೆ, ನಮ್ಮ ಕಡೆಯ ಬೈಕಿನವರಲ್ಲಿ ಎರಡೇ ಜಾತಿ. ನಡು ಸವೆದವರು, ಅಂಚು ಸವೆದವರು. ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿಯ ಕಡೆಯ ರಸ್ತೆಗಳು ಹೆಚ್ಚೂಕಡಿಮೆ ನೇರ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಮೆಕ್ಕೆಜೋಳದ ಮೂಟೆ ಹೇರಿಕೊಂಡು ಓಡಾಡುವ ಜನ. ಹೊರೆ ತಡೆಯಲಿ ಎಂದು ಕಲ್ಲಿನಷ್ಟು ಗಟ್ಟಿಯಾಗಿ ಗಾಳಿ ಹೊಡೆಸುತ್ತಾರೆ. ಗಾಳಿ ಜಾಸ್ತಿಯಾದರೆ ಟೈರಿನ ನಡು ಮಾತ್ರ ಉಬ್ಬಿ ನೆಲ ಕಚ್ಚುತ್ತದೆ, ನಡುವೇ ಸವೆಯುತ್ತದೆ. ಸೊರಬ ದಾಟಿ ಸಿದ್ದಾಪುರದ ಕಡೆ ಓಡಾಡುವವರದು ಬೇರೆ. ಅಲ್ಲಿ ರಸ್ತೆ ಸುಮ್ಮನೆ ಹೋಗುವುದಿಲ್ಲ, ಬಳುಕುತ್ತಾ ಹೋಗುತ್ತದೆ. ಬೈಕು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ ವಾಲಿ ಅಂಚುಗಳು ತರಿತರಿಯಾಗುತ್ತವೆ. ಗಿರಾಕಿ ಬಾಯಿ ತೆರೆಯುವ ಮೊದಲೇ ಟೈರು ಊರು ಹೇಳಿರುತ್ತಿತ್ತು.

ಈ ವಿದ್ಯೆಯನ್ನು ಜೋರಾಗಿ ತೋರಿಸಿಕೊಳ್ಳಬಾರದು. ಆನವಟ್ಟಿಯ ಬಟ್ಟೆ ವ್ಯಾಪಾರಿಯೊಬ್ಬರು ಟೈರು ಬದಲಿಸಲು ಬಂದಿದ್ದರು. ಮನೆ, ಅಂಗಡಿ, ಮನೆ ಎಂದು ಇರುವ ಮರ್ಯಾದಸ್ಥರು. ನಾನು ಟೈರು ಸವರಿ ನೋಡಿದರೆ ಅಂಚು ಎಂಬುದೇ ಇಲ್ಲ! "ಏನ್ ಸಾವ್ಕಾರ್ರೇ, ಸೀರೆ ತರಾಕೆ ಯಾವ ಘಾಟಿ ಇಳೀತೀರಿ?" ಎಂದುಬಿಟ್ಟೆ. ಪಕ್ಕದ ಸ್ಟೂಲಿನ ಮೇಲೆ ಅವರ ಹೆಂಡತಿ ಕೂತಿದ್ದರು. "ಯಾವ ಘಾಟಿ ರೀ?" ಎಂದು ಆಯಮ್ಮ ನನ್ನನ್ನು ಕೇಳಿದರೋ, ಗಂಡನನ್ನು ಕೇಳಿದರೋ ತಿಳಿಯಲಿಲ್ಲ. ಭಾನುವಾರದ ವರ್ತಕರ ಸಭೆ ಎಂದು ಹೊರಡುತ್ತಿದ್ದ ಸಾಹುಕಾರರು ಪ್ರಾಯದವರ ಗುಂಪು ಕಟ್ಟಿಕೊಂಡು ಜೋಗದ ಆಚೆ ತನಕ ತಿರುವುಗಳಲ್ಲಿ ಬೈಕು ಹೊಡೆದು ಬರುತ್ತಿದ್ದರಂತೆ. ಅವರು ಮತ್ತೆ ನನ್ನ ಅಂಗಡಿಗೆ ಬರಲಿಲ್ಲ. ಗಿರಾಕಿಯ ಜೊತೆ ಹೆಂಡತಿ ಬಂದಿದ್ದರೆ ಟೈರಿನ ಸೈಜು ಕೇಳಿ, ಸಾಕು. ಇದು ನನ್ನ ಮೊದಲ ಉಪದೇಶ.

ಕೆಲಸದ ರೀತಿಯೂ ಎಷ್ಟು ಬದಲಾಯಿತು! ಕಬ್ಬಿಣದ ಪಟ್ಟಿ ಹಾಕಿ ಮೀಟಿ ಟೈರು ಬಿಚ್ಚುತ್ತಿದ್ದೆವು, ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಏಳುವುದನ್ನು ಕಾಯುತ್ತಿದ್ದೆವು. ಆ ಗುಳ್ಳೆ ನೋಡಲು ರಸ್ತೆಯಲ್ಲಿ ಹೋಗುವವರೂ ನಿಲ್ಲುತ್ತಿದ್ದರು. ಈಗ ಮೆಷಿನ್ನು ಟೈರನ್ನು ಹಲಸಿನ ತೊಳೆ ಬಿಡಿಸಿದಂತೆ ಬಿಡಿಸಿ ಕೊಡುತ್ತದೆ. ಟ್ಯೂಬ್‌ಲೆಸ್ ಬಂದ ಮೇಲಂತೂ ಪಂಚರ್ ಆದದ್ದೇ ಜನಕ್ಕೆ ಗೊತ್ತಾಗುವುದಿಲ್ಲ. "ಮೊಳೆ ಇರ್ಲಿ ಬಿಡಣ್ಣ, ಗಾಳಿ ಹೋಗ್ತಿಲ್ಲಲ್ಲ" ಎಂದು ಮೊಳೆಯನ್ನು ಮನೆಯ ಅಳಿಯನಂತೆ ಸಾಕಿಕೊಂಡು ತಿರುಗುವವರಿದ್ದಾರೆ. ಅಂಥವರು ಘಾಟಿಗೆ ಹೊರಟರೆ ಬೈದಾದರೂ ಮೊಳೆ ಕೀಳಿಸಿ ಕಳಿಸಿ.

ತಿರುವಿನ ದಾರಿಯಲ್ಲಿ ದೂರ ಹೋಗುವವರಿಗೆ ನಾನು ಹೇಳುತ್ತಿದ್ದದ್ದು ಸ್ವಲ್ಪವೇ. ಏರಿನಲ್ಲಿ ದುಡಿಯುವುದು ಹಿಂದಿನ ಟೈರು, ಇಳಿಜಾರಿನಲ್ಲಿ ದುಡಿಯುವುದು ಮುಂದಿನದು, ಬ್ರೇಕಿನ ಭಾರವೆಲ್ಲ ಅದರ ಮೇಲೆ. ಹಿಂದಿನದಷ್ಟನ್ನೇ ನೋಡಿ ಹೊರಡಬೇಡಿ. ಹಿಂದೆ ಹೊಸದು ಹಾಕಿ ಮುಂದೆ ಮುದಿಯದನ್ನು ಬಿಟ್ಟರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಗುತ್ತದೆ. ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಿಸಿ. ಗ್ರಿಪ್ ಇದ್ದರೂ ಪಕ್ಕದಲ್ಲಿ ಬಿರುಕು ಬಿಟ್ಟಿದ್ದರೆ ಅದರ ವಯಸ್ಸಾಯಿತು ಎಂದು ತಿಳಿಯಿರಿ. ಇಷ್ಟು ಹೇಳಿದರೂ ಕೇಳದೆ ಹೋಗಿ ಬಿದ್ದವರು ಬಂದು ರಸ್ತೆಯನ್ನು ಬೈಯುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಆದರೆ ಒಮ್ಮೆ ಮಾತ್ರ, ಹೇಳಿದ್ದನ್ನೆಲ್ಲ ಕೇಳಿ, ಹೇಳಿದಂತೆಯೇ ನಡೆದು ಹೋದವರು ಬಿದ್ದು ಬಂದರು. ಕಲಿಯುವವರಿಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಅದನ್ನೇ.

ಅದು ನಾನು ಅಂಗಡಿ ಬಿಡುವುದಕ್ಕೆ ಸ್ವಲ್ಪ ಮುಂಚೆ. ತಾಳಗುಂದದ ಚನ್ನಪ್ಪ ನನ್ನ ಹಳೆಯ ಗಿರಾಕಿ, ಗೆಳೆಯ ಕೂಡ. ಮೆಕ್ಕೆಜೋಳ ಬೆಳೆಯುವುದು, ಸುತ್ತಲಿನವರದನ್ನು ಕೊಂಡು ಮಾರುವುದು ಅವನ ಕಸುಬು. ಅವನ ಹೆಂಡತಿ ಶಾಂತಮ್ಮ, ನಾನು ಶಾಂತಕ್ಕ ಎನ್ನುತ್ತಿದ್ದೆ, ಗಟ್ಟಿ ಹೆಂಗಸು. ಮೂಟೆ ಎತ್ತಲು ಆಳು ಬರದಿದ್ದರೆ ಸೆರಗು ಬಿಗಿದು ತಾವೇ ಎತ್ತುವವರು. ಅಂಥವರನ್ನು ಕೆಡವುತ್ತಿದ್ದದ್ದು ಒಂದೇ, ಬಸ್ಸು. ಬಸ್ಸು ಹತ್ತಿ ಕೂತರೆ ವಾಂತಿ. ಕಾರಾದರೆ ಇನ್ನೂ ಬೇಗ ವಾಂತಿ. ನಿಂಬೆಹಣ್ಣು, ಶುಂಠಿ, ಮಾತ್ರೆ, ಕೊರಳಿಗೆ ಅಂತ್ರ, ಎಲ್ಲ ಆಯಿತು. ನೇರ ರಸ್ತೆಯಲ್ಲೇ ಹೀಗಾದರೆ ಘಾಟಿಯ ಮಾತು ಎತ್ತುವ ಹಾಗೇ ಇರಲಿಲ್ಲ.

ಅವರ ಒಬ್ಬಳೇ ಮಗಳು ರೇಖಾಳನ್ನು ಕೊಟ್ಟದ್ದು ಹೊನ್ನಾವರದ ಹತ್ತಿರಕ್ಕೆ, ಘಾಟಿಯ ಕೆಳಗೆ. ಅಳಿಯನದು ಕರೆಂಟಿನ ಕಂಬ ಹತ್ತುವ ಕೆಲಸ. ಮದುವೆಯಾಗಿ ವರ್ಷಗಳಾದರೂ ಶಾಂತಕ್ಕ ಮಗಳ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಮಗಳೇ ಬರಬೇಕು, ಮಗಳೇ ಹೋಗಬೇಕು. ಮದುವೆ ಮುಗಿದು ಮಗಳನ್ನು ಗಂಡನ ಮನೆಗೆ ಕಳಿಸುವ ದಿನ ಒಮ್ಮೆ ಧೈರ್ಯ ಮಾಡಿ ದಿಬ್ಬಣದ ಬಸ್ಸು ಹತ್ತಿ, ಸಿದ್ದಾಪುರದಲ್ಲೇ ಇಳಿದು ವಾಪಸು ಬಂದವರು.

ಆ ವರ್ಷ ರೇಖಾ ಹೊಸ ಮನೆ ಕಟ್ಟಿಸಿದಳು. ಗೃಹಪ್ರವೇಶಕ್ಕೆ ತವರಿನವರು ಹೋಗಿ ಸೀರೆ ಕುಪ್ಪಸ ಕೊಟ್ಟು, ಅಕ್ಕಿ ಕೊಬ್ಬರಿಯಿಂದ ಹೆಣ್ಣುಮಗಳ ಉಡಿ ತುಂಬಬೇಕು. ಚಿಕ್ಕಮ್ಮನೋ ಅತ್ತಿಗೆಯೋ ಹೋಗಿ ತುಂಬಿದರೂ ನಡೆಯುತ್ತದೆ. ಆದರೆ ಶಾಂತಕ್ಕ ಹಟ ಹಿಡಿದರು. ಗಂಡನ ಬೈಕಿನ ಹಿಂದೆ ಕೂತು ನೇರ ನನ್ನ ಅಂಗಡಿಗೇ ಬಂದರು.

"ರುದ್ರಣ್ಣ, ಬೈಕಿನಾಗೆ ಕುಂತ್ರೆ ನಂಗೇನೂ ಆಗಲ್ಲ. ಗಾಳಿ ಮುಖಕ್ಕೆ ಹೊಡೀತಿದ್ರೆ ಸಾಕು. ಅಂಜನಾಪುರಕ್ಕೆ ಹೋಗ್ಬಂದೀನಿ, ಸೊರಬಕ್ಕೆ ಹೋಗ್ಬಂದೀನಿ, ಒಂದೀಟೂ ಏನಾಗಿಲ್ಲ. ಹೊನ್ನಾವರಕ್ಕೂ ಬೈಕಿನಾಗೇ ಹೋಗ್ತೀನಿ. ನನ್ ಮಗಳ ಉಡಿ ಬ್ಯಾರೇರ ಕೈಲಿ ತುಂಬಸ್ಲೇನು?"

ಚನ್ನಪ್ಪ ತಲೆ ಕೆರೆದುಕೊಂಡ. "ಆ ತಿರುವಿನಾಗೆ ಇವಳನ್ನ ಹಿಂದೆ ಕುಂಡ್ರಿಸ್ಕೊಂಡು ಹೆಂಗ್ ಇಳೀಲಿ ಮಾರಾಯಾ. ನೀನಾರ ಬ್ಯಾಡ ಅಂತ ಹೇಳು" ಎಂದು ಬೇಡಿಕೊಂಡ.

ನಾನು ಕೂತು ಹಿಂದಿನ ಟೈರು ಸವರಿದೆ. ನಡು ಸವೆದವರ ಪೈಕಿ ಅವನೇ ರಾಜ. ವರ್ಷಗಟ್ಟಲೆ ಮೂಟೆ ಹೊತ್ತು ಟೈರಿನ ಬೆನ್ನು ಹಲಗೆಯಂತೆ ಚಪ್ಪಟೆಯಾಗಿತ್ತು.

"ಇದು ಟೈರಲ್ಲೋ ಚನ್ನಪ್ಪ, ಜಗಲಿ. ಇದನ್ನ ಹಾಕ್ಕೊಂಡು ಘಾಟಿಗೆ ಹೋಗೋದು ಬ್ಯಾಡ."

ಅವನು ಬುದ್ಧಿವಂತ. "ಅಂಚಿನಾಗೆ ಗ್ರಿಪ್ ಹಂಗೇ ಐತಲ್ಲೋ. ತಿರುವಿನಾಗೆ ನೆಲಕ್ಕೆ ತಾಗೋದು ಅಂಚೇ ತಾನೆ? ಹಂಗಾರೆ ಘಾಟಿ ಮಟ್ಟಿಗೆ ಇದು ಹೊಸಾ ಟೈರೇ ಆತು."

ಇಂಥ ವಾದಕ್ಕೆ ತಲೆದೂಗಬೇಕು. ಆದರೆ ಟೈರು ತಲೆದೂಗುವುದಿಲ್ಲ. ದುಂಡಗಿರುವ ಟೈರು ನಡುವಿನಿಂದ ಅಂಚಿಗೆ ಮೆಲ್ಲಗೆ ಹೊರಳುತ್ತದೆ. ಚಪ್ಪಟೆಯಾದದ್ದು ವಾಲಲು ಒಪ್ಪುವುದೇ ಇಲ್ಲ, ಒತ್ತಾಯ ಮಾಡಿದರೆ ಮೂಲೆ ದಾಟಿ ಒಮ್ಮೆಲೇ ಆಚೆಗೆ ಬೀಳುತ್ತದೆ. ಒಂದು ಇಟ್ಟಿಗೆಯನ್ನೂ ಒಂದು ತೆಂಗಿನಕಾಯಿಯನ್ನೂ ಕಟ್ಟೆಯ ಮೇಲೆ ಹೊರಳಿಸಿ ತೋರಿಸಿದೆ. ಚನ್ನಪ್ಪ ಇನ್ನೂ ಯೋಚಿಸುತ್ತಿರುವಾಗಲೇ ಶಾಂತಕ್ಕ ತೀರ್ಮಾನ ಕೊಟ್ಟರು: "ಹೊಸಾದು ಹಾಕ್ರಿ ರುದ್ರಣ್ಣ. ಎಲ್ಡೂ ಹಾಕ್ರಿ."

ಹಾಕಿದೆ. ಮೂಟೆಗೆ ಹೊಡೆಯುವಷ್ಟು ಗಾಳಿ ಹೊಡೆಯದೆ ಇಬ್ಬರು ಮನುಷ್ಯರಿಗೆ ತಕ್ಕಷ್ಟೇ ಹೊಡೆದೆ. ಹೊಸ ಟೈರಿನ ಮೇಲೆ ನುಣುಪು ಇರುತ್ತದೆ, ಅದು ಹೋಗುವ ತನಕ ಜೋರು ಬೇಡ, ಒಮ್ಮೆಲೇ ವಾಲಿಸಬೇಡ ಎಂದು ಎರಡೆರಡು ಸಲ ಹೇಳಿದೆ. ಅವನು ಮಗ್ಗಿ ಒಪ್ಪಿಸುವವನಂತೆ ತಿರುಗಿ ನನಗೆ ಒಪ್ಪಿಸಿದ. ಗೃಹಪ್ರವೇಶಕ್ಕೆ ಎರಡು ದಿನ ಮೊದಲು ಬೆಳಿಗ್ಗೆ ಹೊರಡುವುದೆಂದಾಯಿತು.

ಆ ದಿನ ಮಧ್ಯಾಹ್ನ ನಾನು ಊಟಕ್ಕೆ ಏಳುತ್ತಿದ್ದೆ. ಚನ್ನಪ್ಪನ ಬೈಕು ಬಂದು ನಿಂತಿತು. ಹ್ಯಾಂಡಲ್ ಸೊಟ್ಟ. ಅವನ ಮೊಣಕಾಲಿನ ಹತ್ತಿರ ಪ್ಯಾಂಟು ಹರಿದಿತ್ತು. ಶಾಂತಕ್ಕನ ಮೊಣಕೈ ತರಚಿತ್ತು. ಸೊರಬದ ಯಾರೋ ಪುಣ್ಯಾತ್ಮರು ಅರಿಶಿನ ಮೆತ್ತಿ ಕಳಿಸಿದ್ದರು.

"ನಿನ್ನ ಹೊಸಾ ಟೈರೇ ನಮ್ಮನ್ನ ಕೆಡವಿದ್ದು" ಎಂದ ಚನ್ನಪ್ಪ. "ಸೊರಬ ದಾಟಿ, ಮೊದಲನೇ ದೊಡ್ಡ ತಿರುವು. ಜೋರಿರ್ಲಿಲ್ಲ, ನಿನ್ನಾಣೆ. ಒಂದೀಟು ವಾಲಿಸ್ದೆ, ಹಿಂದ್ಗಡೆ ಸರ್ರ್ ಅಂತ ಹೋಗೇಬಿಡ್ತು. ಹಳೇ ಟೈರಿನಾಗೆ ಇಷ್ಟ್ ವರ್ಷ ಒಂದ್ ದಿನಾನೂ ಬಿದ್ದಿರ್ಲಿಲ್ಲ ನಾನು. ಆತು, ಹೋಗೋದು ಬ್ಯಾಡ. ರೇಖಾಗೆ ಫೋನ್ ಮಾಡಿ ಹೇಳೀನಿ, ಬರಲ್ಲ ಅಂತ."

ಶಾಂತಕ್ಕ ಉಡಿಯ ಸಾಮಾನಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತರು. ಚೀಲದ ಬಾಯಿಯಲ್ಲಿ ಹಸಿರು ಸೀರೆಯ ಅಂಚು ಕಾಣುತ್ತಿತ್ತು. ಅವರು ಅದನ್ನು ಒಳಗೆ ತಳ್ಳಿ ಚೀಲದ ಬಾಯಿ ಕಟ್ಟಿದರು. ನಾನು ಹಾಕಿದ ಟೈರು, ನಾನು ಹೇಳಿದ ಮಾತು, ಇವರ ಈ ಗತಿ.

ಕೂತು ಟೈರಿಗೆ ಕೈ ಹಚ್ಚಿದೆ. ನಡು ಒಣಗಿ ಒರಟಾಗಿತ್ತು, ಹೇಗಿರಬೇಕೋ ಹಾಗೆ. ಕೈಯನ್ನು ಅಂಚಿಗೆ ತಂದೆ. ಬೆರಳು ಜಾರಿತು. ಮೂಸಿ ನೋಡಿದೆ. ನಮ್ಮ ಅಜ್ಜಿ ನೆತ್ತಿಗೆ ತಟ್ಟುತ್ತಿದ್ದ ಎಣ್ಣೆಯ ವಾಸನೆ!

"ಚನ್ನಪ್ಪ, ಇದಕ್ಕೆ ಹರಳೆಣ್ಣೆ ಹಚ್ಚಿದ್ದು ಯಾರು?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆಮೇಲೆ ಒಂದೊಂದಾಗಿ ಹೊರಬಂತು. ಬೆಳಿಗ್ಗೆ ಹೊರಡುವ ಮೊದಲು ಬೈಕಿಗೆ ಪೂಜೆ ಮಾಡಿದ್ದಾರೆ. ವಿಭೂತಿ, ಕುಂಕುಮ, ನಿಂಬೆಹಣ್ಣು, ಎಲ್ಲ ಸರಿ. ಚನ್ನಪ್ಪ ಚೀಲ ತರಲು ಒಳಗೆ ಹೋದಾಗ ಅವನ ತಾಯಿ ಹಾಲಮ್ಮಜ್ಜಿ ಎಣ್ಣೆಯ ಗಿಂಡಿ ಹಿಡಿದು ಬಂದಿದ್ದಾರೆ. ದೂರದ ಪಯಣಕ್ಕೆ ಬಂಡಿ ಹೂಡುವಾಗ ಎಣ್ಣೆ ಹಾಕದೆ ಕಳಿಸಿದ ಮನೆತನವಲ್ಲ ಅದು.

"ಬಂಡಿಗೆ ಎಣ್ಣೆ ಹಾಕೋದು ಕೀಲಿಗಲ್ವೇನೋ!" ಎಂದೆ.

"ಕೀಲು ಎಲ್ಲಿ ಅಂತ ಹುಡುಕಿದ್ರು ರುದ್ರಣ್ಣ" ಎಂದರು ಶಾಂತಕ್ಕ ಮೆಲ್ಲಗೆ. "ಎಲ್ಲೂ ಕಾಣ್ಲಿಲ್ಲಂತೆ. ಅದಕ್ಕೇ ಗಾಲಿಗೇ ಹಚ್ಚಿದ್ರು. ಪಳಪಳ ಹೊಳೀತಿತ್ತು. ನಾನೂ ಚೆಂದ ಐತೆ ಅನ್ಕಂಡೆ."

ತಾಳಗುಂದದಿಂದ ಸೊರಬದವರೆಗೆ ಬೈಕು ನೆಟ್ಟಗೆ ಓಡಿದೆ. ನಡುವಿನ ಎಣ್ಣೆಯನ್ನೆಲ್ಲ ರಸ್ತೆ ಒರೆಸಿಕೊಂಡಿದೆ. ಅಂಚಿನ ಎಣ್ಣೆ ಮಾತ್ರ ನೆಲ ಮುಟ್ಟದೆ ಹಾಗೇ ಕುಳಿತು, ಮೊದಲ ತಿರುವಿಗಾಗಿ ಕಾದಿದೆ. ನನಗೆ ನಗು ಬಂತು. ಅಷ್ಟೇ ಬೇಗ ಭಯವೂ ಆಯಿತು. ಸೊರಬದಲ್ಲಿ ಬಿದ್ದದ್ದಕ್ಕೆ ಮೊಣಕೈ ತರಚಿತು, ಗೇರುಸೊಪ್ಪೆ ಘಾಟಿಯಲ್ಲಿ ಬಿದ್ದಿದ್ದರೆ?

ಸೋಪಿನ ಪುಡಿ, ಬಿಸಿನೀರು, ತೆಂಗಿನ ನಾರು ತಂದು ಎರಡೂ ಟೈರು ಉಜ್ಜಿದೆವು. ಕಾವ್ಯ ಉಪ್ಪು ಕಾಗದ ಕೊಟ್ಟಳು, ಅಂಚನ್ನು ಒರಟು ಮಾಡಿದೆವು. ಹ್ಯಾಂಡಲ್ ನೆಟ್ಟಗೆ ಮಾಡಿಸಿ, ಸಂತೆ ಮೈದಾನಕ್ಕೆ ಒಯ್ದು ನಾನೇ ಎಂಟರ ಆಕಾರದಲ್ಲಿ ಸುತ್ತಿದೆ. ಸುತ್ತಿ ಸುತ್ತಿ ಅಂಚಿಗೆ ಮಣ್ಣಿನ ಬಣ್ಣ ಬಂದ ಮೇಲೆ ಕೈ ಸವರಿದರೆ ಟೈರು ಬೆರಳು ಹಿಡಿಯಿತು.

ಟೈರು ಸರಿಯಾಯಿತು, ಚನ್ನಪ್ಪ ಸರಿಯಾಗಲಿಲ್ಲ. "ಎಣ್ಣೆ ಹೋತು ಸರಿ ಕಣೋ. ನನ್ ಎದೆಯಾಗಿನ ಹೆದ್ರಿಕೆ ಯಾವ ಸೋಪಿನಾಗೆ ತೊಳೀಲಿ?" ಎಂದ.

ಶಾಂತಕ್ಕ ನನ್ನ ಕಡೆ ನೋಡಿದರು. ನನ್ನ ಬಾಯಿಂದ ಬಂದುಬಿಟ್ಟಿತು: "ನಾಳೆ ನಾನೂ ಬರ್ತೀನಿ ನಡಿ. ನನ್ ಬೈಕು ತಗೊಂಡು ನಿನ್ ಹಿಂದೇ ಬರ್ತೀನಿ, ನಿನ್ ಟೈರ್ ನೋಡ್ಕಂತ."

ಕಾವ್ಯ ಒಳಗಿನಿಂದಲೇ ಕೇಳಿದಳು: "ಮಾವ, ನೀವು ಘಾಟಿಯಾಗೆ ಯಾವಾಗ ಬೈಕ್ ಹೊಡ್ದೀರಿ?"

ಆಗ ಹೊಳೆಯಿತು ನನಗೆ. ಜೀವಮಾನವೆಲ್ಲ ಘಾಟಿಯ ಟೈರುಗಳನ್ನು ಸವರಿ ಉಪದೇಶ ಮಾಡಿದವನು ನಾನು ಒಮ್ಮೆಯೂ ಬೈಕಿನಲ್ಲಿ ಘಾಟಿ ಇಳಿದಿರಲಿಲ್ಲ. ಬಸ್ಸಿನಲ್ಲಿ ಹೋಗಿದ್ದೆ, ಅದೂ ನಿದ್ದೆ ಮಾಡಿಕೊಂಡು. ನನ್ನ ಬೈಕಿನ ಟೈರಿನ ನಡುವೂ ಚಪ್ಪಟೆ! ವೈದ್ಯನ ಮನೆಯಲ್ಲೇ ಕೆಮ್ಮು. ಆ ಸಂಜೆ ನನ್ನ ಬೈಕಿಗೂ ಕಾವ್ಯ ಹೊಸ ಟೈರು ಹಾಕಿದಳು, ನಗು ತಡೆದುಕೊಂಡು.

ಮರುದಿನ ಬೆಳಿಗ್ಗೆ ತಾಳಗುಂದಕ್ಕೆ ಹೋದರೆ ಹಾಲಮ್ಮಜ್ಜಿ ಮತ್ತೆ ಗಿಂಡಿ ಹಿಡಿದು ನಿಂತಿದ್ದರು. ತಾವು ಮಾಡಿದ್ದೇನೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು?

"ಅಜ್ಜೀ, ಗಾಲಿಗೆ ಬ್ಯಾಡ್ರಿ, ಕೀಲಿಗೆ ಹಾಕ್ರಿ" ಎಂದೆ.

"ಕೀಲೆಲ್ಲಿ ಐತೆ ಇದಕ್ಕೆ? ಇದೆಂಥ ಬಂಡಿನೋ ನಿಮ್ದು" ಎಂದು ಗದರಿದರು.

ಬೈಕಿನ ಸ್ಟ್ಯಾಂಡು ಮಡಿಚುವ ಜಾಗ ತೋರಿಸಿದೆ. ಅದು ಬಹಳ ದಿನದಿಂದ ಕಿರುಗುಟ್ಟುತ್ತಿತ್ತು. ಅಜ್ಜಿ ಬಗ್ಗಿ, ಶಿವನ ಹೆಸರು ಹೇಳಿ, ನಾಲ್ಕು ತೊಟ್ಟು ಬಿಟ್ಟರು. ಸ್ಟ್ಯಾಂಡು ಮಡಿಚಿದರೆ ಸದ್ದೇ ಇಲ್ಲ. "ನೋಡಿದ್ಯಾ?" ಎಂದು ನನ್ನನ್ನು ಗೆದ್ದವರಂತೆ ನೋಡಿದರು. ಗೆದ್ದರು ಎಂದೇ ಇಟ್ಟುಕೊಳ್ಳಿ.

ರೇಖಾಳಿಗೆ ಹೇಳುವುದು ಬೇಡ, ಮುಟ್ಟಿದ ಮೇಲೆ ನೋಡೋಣ ಎಂದು ಶಾಂತಕ್ಕ ಫೋನು ಮಾಡಗೊಡಲಿಲ್ಲ. ಇನ್ನೊಂದು ಸಲ ಬರುತ್ತೇನೆಂದು ಹೇಳಿ ಬಾರದಿರುವುದು ಅವರಿಗೆ ಬೇಡವಾಗಿತ್ತು. ಸೊರಬದವರೆಗೆ ಮಾತಾಡಿಕೊಂಡೇ ಹೋದೆವು. ಹಿಂದಿನ ದಿನ ಬಿದ್ದ ತಿರುವು ಬಂದಾಗ ಚನ್ನಪ್ಪ ಬೈಕನ್ನು ನಿಲ್ಲಿಸಿಯೇಬಿಟ್ಟ. ರಸ್ತೆಯ ಮೇಲೆ ಅವನ ಬೈಕು ಉಜ್ಜಿದ ಗೀರು ಇನ್ನೂ ಇತ್ತು. ಅದನ್ನೇ ನೋಡುತ್ತಾ ನಿಂತ.

"ನೆಲ ನೋಡಬ್ಯಾಡ್ರಿ" ಎಂದರು ಹಿಂದಿನಿಂದ ಶಾಂತಕ್ಕ. "ಮುಂದ್ ನೋಡ್ರಿ. ನಾನ್ ಕುಂತೀನಲ್ಲ."

ಅವನು ಗೇರು ಹಾಕಿದ. ನನ್ನ ಕಣ್ಣು ಅವನ ಹಿಂದಿನ ಟೈರಿನ ಮೇಲೆಯೇ ಇತ್ತು. ವಾಲಿತು, ಹಿಡಿಯಿತು, ಎದ್ದಿತು.

ಸಿದ್ದಾಪುರ ದಾಟಿದ ಮೇಲೆ ತಿರುವುಗಳು ಒಂದರ ಬೆನ್ನಿಗೊಂದು ಬಂದವು. ಮೂಟೆ ಹೊತ್ತು ರೂಢಿಯಾದ ಚನ್ನಪ್ಪನಿಗೆ, ಹಿಂದೆ ಕೂತ ಭಾರವೂ ತನ್ನ ಜೊತೆಗೆ ವಾಲುತ್ತದೆ ಎಂಬುದು ಅಂದೇ ತಿಳಿದದ್ದು. ಶಾಂತಕ್ಕ ಒಂದು ಕೈ ಅವನ ಹೆಗಲ ಮೇಲೆ, ಒಂದು ಕೈ ಚೀಲದ ಮೇಲೆ ಇಟ್ಟು, ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ ಸಲೀಸಾಗಿ ವಾಲುತ್ತಿದ್ದರು. ಅವರ ಸೆರಗಿನ ತುದಿ ಸೊಂಟಕ್ಕೆ ಬಿಗಿದಿತ್ತು, ಮೂಟೆ ಎತ್ತುವ ದಿನದಂತೆ. ಘಾಟಿಯ ಇಳಿಜಾರಿನಲ್ಲಿ ಹೆದರಿ ಮೈಯೆಲ್ಲ ಬಿಗಿ ಹಿಡಿದು ಕೂತವನು ನಾನೊಬ್ಬನೇ. ಎದುರಿಗೆ ಲಾರಿ ಬಂದರೆ ಸಾಕು, ನನ್ನ ಉಪದೇಶಗಳೆಲ್ಲ ಮರೆತು ಶಿವನಾಮ ಒಂದೇ ಉಳಿಯುತ್ತಿತ್ತು. ಅಂಗಡಿಯ ಕುರ್ಚಿಯಲ್ಲಿ ಕೂತು 'ಮೆಲ್ಲಗೆ ವಾಲಿಸು' ಎನ್ನುವುದು ಎಷ್ಟು ಸುಲಭ!

ಒಂದು ಕಡೆ ಬಸ್ಸೊಂದು ಬದಿಗೆ ನಿಂತಿತ್ತು. ಕಿಟಕಿಯಿಂದ ತಲೆ ಹೊರಹಾಕಿ ಹೆಂಗಸೊಬ್ಬಳು ವಾಂತಿ ಮಾಡುತ್ತಿದ್ದಳು. ಶಾಂತಕ್ಕ ಕತ್ತು ತಿರುಗಿಸಿ ಅವಳು ಮರೆಯಾಗುವ ತನಕ ನೋಡಿದರು.

ಇನ್ನೂ ಕೆಳಗೆ, ಒಂದು ಚಹದಂಗಡಿಯ ಮುಂದೆ ನಿಲ್ಲಿಸಿದೆವು. ನಾನು ಕೂತು ಚನ್ನಪ್ಪನ ಟೈರು 'ನೋಡಿದೆ'. ಬೆಚ್ಚಗಿತ್ತು. ನುಣುಪು ಪೂರ್ತಿ ಹೋಗಿ, ಅಂಚಿನ ತನಕ ಸಣ್ಣ ಸಣ್ಣ ಮುಳ್ಳೆದ್ದ ಹಾಗೆ ಒರಟಾಗಿತ್ತು. ಒಂದು ಘಾಟಿ ತಿನ್ನುವ ರಬ್ಬರು ನೇರ ರಸ್ತೆಯಲ್ಲಿ ಬಹಳ ದಿನ ಬರುತ್ತಿತ್ತು. ಅದನ್ನು ಹೇಳಿದರೆ ಚನ್ನಪ್ಪ ನಕ್ಕ, ಎರಡು ದಿನದಲ್ಲಿ ಮೊದಲ ಸಲ. "ಸವೀಲಿ ಬಿಡೋ. ಸವೆಸಾಕೇ ಅಲ್ವಾ ತಂದಿದ್ದು" ಎಂದ. ಟೈರಿನವನಿಗೆ ಇದಕ್ಕಿಂತ ಒಳ್ಳೆಯ ಮಾತನ್ನು ಯಾವ ಗಿರಾಕಿಯೂ ಹೇಳಿಲ್ಲ.

ನಡು ಮಧ್ಯಾಹ್ನದ ಹೊತ್ತಿಗೆ ರೇಖಾಳ ಮನೆ ಸೇರಿದೆವು. ಚಪ್ಪರಕ್ಕೆ ಮಾವಿನೆಲೆ ಕಟ್ಟುತ್ತಿದ್ದ ಅಳಿಯ ಮೊದಲು ನೋಡಿದ್ದು. ಅವನ ಕೈಯ ತೋರಣ ಕೆಳಗೆ ಬಿತ್ತು. "ರೇಖಾ, ಅತ್ತೆ!" ಎಂದು ಕೂಗಿದ. ರೇಖಾ ಓಡಿ ಬಂದಳು. ಅವ್ವ ಬೈಕಿನಿಂದ ಇಳಿಯುತ್ತಿರುವುದನ್ನು ಕಂಡು ಒಂದು ಕ್ಷಣ ನಿಂತು, ಮತ್ತೆ ಬಂದಷ್ಟೇ ಜೋರಾಗಿ ಪಕ್ಕದ ಹಳೆಯ ಮನೆಯೊಳಗೆ ಓಡಿದಳು. ತಿರುಗಿ ಬಂದಾಗ ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಹೋಳು ಮಾಡಿದ ನಿಂಬೆಹಣ್ಣು.

"ಅವ್ವ, ಮೊದ್ಲು ಇಲ್ಲೇ ಕುಂತ್ಕ. ಆಮೇಲೆ ಒಳಗ್ ಬಂದು ಮಲಕ್ಕಳಿವಂತೆ. ಹಾಸಿಗೆ ಹಾಸ್ತೀನಿ."

"ಮಲಗಾದ್ಯಾಕೆ?" ಎಂದರು ಶಾಂತಕ್ಕ. ಸೆರಗು ಬಿಚ್ಚಿ ಮುಖ ಒರೆಸಿಕೊಂಡು, ಹೊಸ ಮನೆಯನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ಮಗಳನ್ನು ನೋಡಿದರು. "ಹಸಿವಾಗೈತೆ. ಏನ್ ಮಾಡೀಯೆ ಅಡಿಗೆ?"

ರೇಖಾ ಬಕೆಟ್ ಹಿಡಿದುಕೊಂಡೇ ನಿಂತಳು. ಅವಳು ಹುಟ್ಟಿದಾಗಿನಿಂದ ಅವ್ವ ಯಾವ ದೂರದ ಪಯಣ ಮುಗಿಸಿ ಇಳಿದರೂ ಹಸಿವು ಎಂದದ್ದನ್ನು ಕೇಳಿರಲಿಲ್ಲ. ನಿಂಬೆಹಣ್ಣನ್ನು ಮುಷ್ಟಿಯಲ್ಲಿ ಹಿಂಡಿ ಹಿಡಿದು, ನಾಳೆ ಪೂಜೆಯಾಗಬೇಕಿದ್ದ ಹೊಸ್ತಿಲ ಪಕ್ಕ ಕುಸಿದು ಕೂತು ಬಿಕ್ಕಿದಳು. ಚನ್ನಪ್ಪ ಬೈಕಿನ ಸ್ಟ್ಯಾಂಡು ಹಾಕುವ ನೆಪದಲ್ಲಿ ಆ ಕಡೆ ತಿರುಗಿದ. ನಾನು ಕೆಳಗೆ ಬಿದ್ದಿದ್ದ ತೋರಣ ಎತ್ತಿಕೊಂಡೆ.

"ಅಳಾದು ಆಮೇಲೆ ಅಳಿವಂತೆ, ಏಳು" ಎಂದು ಶಾಂತಕ್ಕ ಮಗಳ ಕೈ ಹಿಡಿದು ಎಬ್ಬಿಸಿದರು.

ಚಪ್ಪರದಲ್ಲೇ ಚಾಪೆ ಹಾಸಿ ಬಡಿಸಿದಳು ರೇಖಾ. ಬಡಿಸಿ, ಎದುರಿಗೇ ಕೂತು ಅವ್ವ ಉಣ್ಣುವುದನ್ನು ನೋಡುತ್ತಿದ್ದಳು. ನಾನೂ ಚನ್ನಪ್ಪನೂ ಕೈ ತೊಳೆದು ಎದ್ದೆವು. ಶಾಂತಕ್ಕ ಏಳಲಿಲ್ಲ. ತಟ್ಟೆಯನ್ನು ಮಗಳ ಕಡೆ ಸರಿಸಿ, "ಇನ್ನೊಂದೀಟು ಅನ್ನ ಹಾಕು" ಎಂದರು.